ಗಾಜಿನ ಕಪಾಟಿನ ಪ್ರೊಸೆಸರ್

ಸುಟ್ಟ ಚಿಪ್ಪಿಗೆ ಅದರದೇ ಒಂದು ವಾಸನೆ ಇದೆ. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆಯಲ್ಲ, ಸುಟ್ಟ ವೈರಿನದೂ ಅಲ್ಲ. ಒಗರಾಗಿ ಮೂಗಿನೊಳಗೆ ಕೂತುಬಿಡುತ್ತದೆ, ಮನೆಗೆ ಹೋಗಿ ಮುಖ ತೊಳೆದರೂ ಬಿಡುವುದಿಲ್ಲ. ಹೋದ ತಿಂಗಳು ನಾನು ಕಲಿಸುವ ಕಾಲೇಜಿನ ಲ್ಯಾಬಿನಲ್ಲಿ ಒಬ್ಬ ಹುಡುಗಿ ಚಿಪ್ಪನ್ನು ತಿರುವುಮುರುವಾಗಿ ಸಿಕ್ಕಿಸಿ ಕರೆಂಟು ಕೊಟ್ಟಳು. ಚಿಟ್ ಎಂದಿತು, ಸಣ್ಣದೊಂದು ಹೊಗೆ ಎದ್ದಿತು. ನಾನು ಇದ್ದಲ್ಲಿಂದಲೇ ಕೂಗಾಡಿದೆ. "ಕಣ್ಣ ಎಲ್ಲಿಟ್ಟೀಯವಾ? ಮನ್ಯಾಗ ಇಟ್ಟು ಬಂದೀಯೇನ?" ಎಂದೆ. ಹುಡುಗಿಯ ಕಣ್ಣು ತುಂಬಿದವು. ಮಿಕ್ಕವರು ತಲೆ ತಗ್ಗಿಸಿ ತಮ್ಮ ತಮ್ಮ ಬೋರ್ಡು ನೋಡತೊಡಗಿದರು.

ಆ ವಾಸನೆ ಹರಡುತ್ತಿದ್ದ ಹಾಗೆ ನನಗೆ ನಮ್ಮ ಸರ್ ನೆನಪಾದರು. ಇಂಥ ಹೊತ್ತಿನಲ್ಲಿ ಅವರು ಲ್ಯಾಬಿನ ಬಾಗಿಲಲ್ಲೇ ನಿಂತು ಮೂಗು ಅರಳಿಸಿ, "ಸುಟ್ಟಿದ್ದು ಚಲೋ ಆತು ಬಿಡು, ಇನ್ನ ಸಾಯೂತನಾ ಮರಿಯಂಗಿಲ್ಲ" ಎನ್ನುತ್ತಿದ್ದರು. ಹೊಸ ಚಿಪ್ಪನ್ನು ತಾವೇ ತಂದುಕೊಟ್ಟು, ಮತ್ತೊಮ್ಮೆ ಸಿಕ್ಕಿಸುವವರೆಗೆ ಪಕ್ಕದಲ್ಲಿ ನಿಲ್ಲುತ್ತಿದ್ದರು. ನಾನು ಅವರ ಶಿಷ್ಯೆ. ಅವರು ಕಲಿಸಿದ ವಿಷಯವನ್ನೇ ಕಲಿಸಿ ಅನ್ನ ತಿನ್ನುತ್ತಿದ್ದೇನೆ. ಕಲಿಸುವ ರೀತಿ ಮಾತ್ರ ಅವರದಲ್ಲ.

ನಾನು ತುಕ್ಕಾನಟ್ಟಿಯವಳು. ಅಪ್ಪನದು ಮೂಡಲಗಿಯಲ್ಲಿ ಕಿರಾಣಿ ಅಂಗಡಿ. ಇಂಜಿನಿಯರಿಂಗ್ ಓದಿದ್ದು ಹುಕ್ಕೇರಿಯ ಕಡೆಗಿನ ಒಂದು ಕಾಲೇಜಿನಲ್ಲಿ. ಅದರ ಹೆಸರು ಇಲ್ಲಿ ಬೇಡ, ಇದನ್ನು ಓದುವವರಿಗೆ ಅದರಿಂದ ಉಪಯೋಗವೂ ಇಲ್ಲ. ಬೆಳಗಿನ ಬಸ್ಸಿನಲ್ಲಿ ನಿಂತುಕೊಂಡು ಹೊರಟರೆ ಅರಭಾವಿಯಲ್ಲಿ ತೋಟಗಾರಿಕೆ ಕಾಲೇಜಿನವರು ಇಳಿದ ಮೇಲೆ ಸೀಟು ಸಿಗುತ್ತಿತ್ತು. ಅಲ್ಲಿಂದ ಮುಂದೆ ನಾವು ಲ್ಯಾಬಿನ ಪ್ರಯೋಗಗಳನ್ನು ಬರೆಯುವ ಜರ್ನಲ್ ತೆಗೆದು ತೊಡೆಯ ಮೇಲಿಟ್ಟುಕೊಂಡು ಸೀನಿಯರ್‌ಗಳದನ್ನು ನೋಡಿ ನಕಲು ಮಾಡುತ್ತಿದ್ದೆವು. ಬಸ್ಸಿನ ಕುಲುಕಾಟಕ್ಕೆ ಸರ್ಕೀಟಿನ ಗೆರೆಗಳೆಲ್ಲ ಅಲುಗುತ್ತಿದ್ದವು. ಹಾಗೆ ಅಲುಗಿದ ಗೆರೆಗಳಿಗೂ ಪೂರ್ತಿ ಅಂಕ ಬರುತ್ತಿದ್ದವು.

ಜರ್ನಲ್ಲಿನ ಜೊತೆಗೆ ಸೀನಿಯರ್‌ಗಳು ನಮಗೆ ಇನ್ನೊಂದು ವಿದ್ಯೆಯನ್ನೂ ದಾಟಿಸಿದ್ದರು. ಪರೀಕ್ಷೆಯ ದಿನ ಸರ್ಕೀಟು ಕೆಲಸ ಮಾಡದಿದ್ದರೆ ಗಾಬರಿಯಾಗಬಾರದು. ಚಿಪ್ಪನ್ನು ಅದರ ಪಾಡಿಗೆ ಬಿಟ್ಟು, ಸ್ವಿಚ್ಚಿನಿಂದ ಒಂದು ವೈರನ್ನು ನೇರವಾಗಿ ದೀಪಕ್ಕೆ ಜೋಡಿಸಿ, ಉಳಿದ ವೈರುಗಳ ಗೊಂಚಲಿನ ಕೆಳಗೆ ಅಡಗಿಸಿಬಿಡಬೇಕು. ಪರೀಕ್ಷಕರು ನೋಡುವುದು ದೀಪವನ್ನು. ದೀಪ ಹತ್ತಿದರೆ ಔಟ್‌ಪುಟ್ ಬಂತು. ನಾನು ಇದರಲ್ಲಿ ಪಳಗಿದ ಕೈ. ಅಂಕಲಗಿಯ ನನ್ನ ಗೆಳತಿ ಪರೀಕ್ಷೆಯಲ್ಲಿ ನನ್ನ ಪಕ್ಕದ ಟೇಬಲ್ ಸಿಗಲಿ ಎಂದು ದೇವರಿಗೆ ಕೈ ಮುಗಿಯುತ್ತಿದ್ದಳು.

ಸರ್ ನನ್ನನ್ನು ಹಿಡಿದದ್ದು ಮೂರನೆಯ ಸೆಮಿಸ್ಟರಿನ ಆರಂಭದಲ್ಲೇ. ಎರಡು ಸಂಖ್ಯೆ ಕೂಡಿಸುವ ಸರ್ಕೀಟು. ನನ್ನ ದೀಪಗಳು ಸರಿಯಾಗಿ ಹತ್ತುತ್ತಿದ್ದವು. ಅವರು ಬಂದರು, ನೋಡಿದರು, ಜೇಬಿನಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದು ಬೋರ್ಡಿನಿಂದ ಚಿಪ್ಪನ್ನೇ ಕಿತ್ತು ಅಂಗೈಯಲ್ಲಿ ಹಿಡಿದರು. ದೀಪ ಹತ್ತಿಕೊಂಡೇ ಇತ್ತು.

"ಚಿಪ್ ಇಲ್ದನ ಕೂಡಸಾಕತ್ತೈತಲ್ಲ ತಂಗಿ! ಭಾಳ ಶಾಣ್ಯಾ ಐತಿ ನಿನ್ನ ಬೋರ್ಡು" ಎಂದರು.

ಇಡೀ ಲ್ಯಾಬು ನಕ್ಕಿತು. ಅವರೂ ನಕ್ಕರು. ಆಮೇಲೆ ಯಾರಿಗೂ ಕೇಳಿಸದ ಹಾಗೆ, "ದೀಪಾ ಹಚ್ಚಾಕ ಬಂದಿಲ್ಲ ನೀ ಇಲ್ಲಿ. ದೀಪಾ ಯಾಕ ಹತ್ತಲಿಲ್ಲ ಅಂತ ಹುಡಕಾಕ ಬಂದಿ" ಎಂದು ಹೇಳಿ ಮುಂದಿನ ಟೇಬಲ್ಲಿಗೆ ಹೋದರು. ಅಂಕ ಕಡಿಯಲಿಲ್ಲ. ನನಗೆ ಅವರ ಮೇಲೆ ಒಂದು ವಾರ ಸಿಟ್ಟಿತ್ತು.

ಆಗ ಅವರಿಗೆ ನಲವತ್ತರ ಹತ್ತಿರ ಇರಬಹುದು. ಸಣಕಲು ಮೈ, ಇಸ್ತ್ರಿ ಕಾಣದ ಅಂಗಿ, ಜೇಬಿನಲ್ಲಿ ಪೆನ್ನಿನ ಜೊತೆ ಯಾವಾಗಲೂ ಕೆಂಪು ಹಳದಿ ವೈರಿನ ತುಣುಕುಗಳು. ಎಂಟೆಕ್ ಓದಿದ್ದರೂ ಅಲ್ಲಿ ಅವರದು ಗುತ್ತಿಗೆಯ ಕೆಲಸ. ಪ್ರತಿ ಜೂನ್ ತಿಂಗಳಲ್ಲಿ ಆಫೀಸಿನ ಕ್ಲರ್ಕನ ಮೇಜಿನ ಮುಂದೆ ನಿಂತು ಮುಂದಿನ ವರ್ಷದ ಪತ್ರ ಬಂದಿದೆಯೋ ಇಲ್ಲವೋ ಎಂದು ಕೇಳುವುದನ್ನು ನಾವೆಲ್ಲ ಕಿಟಕಿಯಿಂದ ನೋಡಿದ್ದೆವು. ಆರು ವರ್ಷ ಹಾಗೆ ನಿಂತಿದ್ದರು. ಅವರ ಕೈಕೆಳಗೆ ಓದಿದವನೊಬ್ಬ ಅದೇ ಕಾಲೇಜಿನಲ್ಲಿ ಖಾಯಂ ಆಗಿ, ಇವರ ಹಾಜರಿ ಪುಸ್ತಕಕ್ಕೆ ಸಹಿ ಹಾಕುತ್ತಿದ್ದ...

ಕಂಪ್ಯೂಟರ್ ಆರ್ಕಿಟೆಕ್ಚರ್ ಎಂದರೆ ಉಳಿದವರಿಗೆ ನೋಟ್ಸ್ ಬರೆಸುವ ವಿಷಯ. ಅವರು ನೋಟ್ಸ್ ಕೊಡಲಿಲ್ಲ. ಬೆಂಚು ಸರಿಸಿ, ನೆಲದ ಮೇಲೆ ಸೀಮೆಸುಣ್ಣದಿಂದ ಉದ್ದಕ್ಕೆ ಎರಡು ಗೆರೆ ಎಳೆದು, "ಇದು ಕಾಲುವಿ. ಆಜೂಬಾಜೂ ನೀವೆಲ್ಲಾ ಹೊಲಾ. ಯಾರ ತೂಬು ಯಾವಾಗ ತಗೀಬೇಕು, ಯಾರದ ಮುಚ್ಚಬೇಕು, ಅದನ್ನ ಹೇಳಾಂವಗ ಕಂಟ್ರೋಲ್ ಯುನಿಟ್ ಅಂತಾರ. ಇಬ್ರು ಒಂದ ಸಲಕ್ಕ ನೀರ ಬಿಟ್ರ ಕೆಸರಷ್ಟ ಉಳೀತೈತಿ" ಎನ್ನುತ್ತಿದ್ದರು. ನಾವು ಯಂತ್ರದೊಳಗೆ ಸಂಖ್ಯೆ ಹಿಡಿದಿಡುವ ರಿಜಿಸ್ಟರುಗಳಾಗಿ ನಿಂತು ಚೀಟಿಯ ಮೇಲೆ ಬರೆದ ಸಂಖ್ಯೆಗಳನ್ನು ಒಬ್ಬರಿಂದೊಬ್ಬರಿಗೆ ಕಳಿಸುತ್ತಿದ್ದೆವು. ಸರ್ ಚಪ್ಪಾಳೆ ತಟ್ಟಿದಾಗ ಮಾತ್ರ ಚೀಟಿ ಅಲುಗಬೇಕು. ಆ ಚಪ್ಪಾಳೆಯೇ ಯಂತ್ರದ ಗಡಿಯಾರ. ನನ್ನದು ಜೋರು ದನಿ ಎಂದು ನನ್ನನ್ನು ಪ್ರೋಗ್ರಾಂ ಕೌಂಟರ್ ಮಾಡಿದ್ದರು. ಮುಂದೆ ಯಾವ ಸಾಲಿನ ಆಜ್ಞೆ ಎಂದು ನೆನಪಿಟ್ಟು ಕೂಗುವುದಷ್ಟೇ ಅದರ ಕೆಲಸ. ಅವರು ಕಲಿಸಿದ ಎರಡು ವರ್ಷಗಳಲ್ಲಿ ನನಗೆ ತಿಳಿದಷ್ಟು ಮತ್ತೆ ಯಾವತ್ತೂ ಏನೂ ತಿಳಿದಿಲ್ಲ.

ಇನ್ನೊಂದು ನಿಯಮ ಇತ್ತು. ವೈರಿಂಗ್ ಪುಸ್ತಕ. ಬೋರ್ಡಿನ ಮೇಲೆ ಯಾವುದೇ ವೈರು ಹಾಕುವ ಮೊದಲು ಅದು ಯಾವ ಚಿಪ್ಪಿನ ಯಾವ ಪಿನ್ನಿನಿಂದ ಯಾವುದಕ್ಕೆ ಹೋಗುತ್ತದೆ ಎಂದು ಪುಸ್ತಕದಲ್ಲಿ ಬರೆಯಬೇಕು. ಬರೆದು ಅವರಿಗೆ ತೋರಿಸಬೇಕು. ಪುಸ್ತಕದಲ್ಲಿ ಇಲ್ಲದ ವೈರು ಬೋರ್ಡಿನ ಮೇಲೆ ಕಂಡರೆ ಮಾತಿಲ್ಲದೆ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಆ ಜೇಬಿನ ತುಣುಕುಗಳು ಎಲ್ಲಿಂದ ಬಂದವು ಎಂದು ನಮಗೆ ತಿಳಿದದ್ದು ಹೀಗೆ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಎಲ್ಲರೂ ಪೇಟೆಯ ಅಂಗಡಿಗಳಿಂದ ರೆಡಿಮೇಡ್ ತಂದರು. ನಾವು ಮೂವರು, ಅಂದರೆ ನಾನು, ಅಂಕಲಗಿಯ ಗೆಳತಿ ಮತ್ತು ಮೂಡಲಗಿಯ ಒಬ್ಬ ಹುಡುಗ, ಸರ್ ಜೊತೆ ಸೇರಿ ಸ್ವಂತದ್ದೊಂದು ಪ್ರೊಸೆಸರ್ ಕಟ್ಟುವುದೆಂದು ನಿಂತೆವು. ಬಿಡಿ ಬಿಡಿ ಚಿಪ್ಪುಗಳಿಂದ, ಪ್ಲೈವುಡ್ ಹಲಗೆಯ ಮೇಲೆ, ಒಂದು ಸಣ್ಣ ಬಾಗಿಲಿನಷ್ಟು ದೊಡ್ಡದು. ಅದು ಎಣಿಸಬೇಕು, ಕೂಡಿಸಬೇಕು, ಹೇಳಿದ ಸಾಲಿಗೆ ಜಿಗಿಯಬೇಕು. ಪ್ರೋಗ್ರಾಂ ಕೌಂಟರಿನ ಭಾಗ ನನ್ನದು. "ನೀ ಅದರ ಪಾತ್ರಾ ಮಾಡೀದಿಯಲ್ಲ, ನೀನ ಕಟ್ಟು" ಎಂದಿದ್ದರು ಸರ್.

ವಿಭಾಗದ ಮುಖ್ಯಸ್ಥರಾಗಿದ್ದ ಎಚ್‌ಓಡಿಯವರಿಗೆ ಮೊದಲು ಇದೆಲ್ಲ ಹುಚ್ಚಾಟವಾಗಿ ಕಂಡಿತ್ತು. ಆದರೆ ಅದೇ ವರ್ಷ ಕಾಲೇಜನ್ನು ತಪಾಸಣೆ ಮಾಡುವ ಕಮಿಟಿ ಬರುವುದಿತ್ತು. ವಿದ್ಯಾರ್ಥಿಗಳೇ ಕಟ್ಟಿದ ಪ್ರೊಸೆಸರ್ ಎಂದರೆ ವರದಿಯಲ್ಲಿ ಎದ್ದು ಕಾಣುತ್ತದೆ ಎಂದು ಯಾರೋ ಅವರ ಕಿವಿಗೆ ಹಾಕಿದರು. ಒಂದು ದಿನ ಲ್ಯಾಬಿಗೇ ಬಂದು, ನಮ್ಮ ಮುಂದೆಯೇ ಸರ್‌ಗೆ ಹೇಳಿದರು:

"ಕಮಿಟಿ ಮುಂದ ಇದು ಓಡಬೇಕ್ರಿ. ಓಡಿತು ಅಂದ್ರ ನಿಮ್ಮ ಖಾಯಂ ಆರ್ಡರ್ ನಾ ಮಾಡಸ್ತೇನಿ. ಓಡಲಿಲ್ಲ ಅಂದ್ರ ಮುಂದಿನ ಜೂನ್‌ದ ಮಾತು ನನ್ನ ಕಡೆ ತರಬ್ಯಾಡ್ರಿ."

ಸರ್ ತಲೆ ಆಡಿಸಿದರು. ಅವರ ಕಿವಿ ಕೆಂಪಾಗಿದ್ದನ್ನು ನಾನು ನೋಡಿದೆ. ಮಕ್ಕಳ ಮುಂದೆ ಆಡುವ ಮಾತೇ ಅದು?

ಯಂತ್ರ ಓಡಿತು... ಸ್ವಲ್ಪ ದೂರ. ಸಾಲಾಗಿ ಜೋಡಿಸಿದ ಎಂಟು ಕೆಂಪು ದೀಪಗಳಲ್ಲಿ, ಹತ್ತಿದ್ದು ಆರಿದ್ದರ ಜೋಡಣೆಯೇ ಸಂಖ್ಯೆಯಾಗಿ, ಒಂದು, ಎರಡು, ಮೂರು ಎಂದು ಎಣಿಸುತ್ತಾ ಹೋಗಿ, ಏಳಕ್ಕೋ ಹನ್ನೊಂದಕ್ಕೋ ಬಂದಾಗ ಥಟ್ಟನೆ ಮತ್ತೆ ಸೊನ್ನೆ. ಒಮ್ಮೆ ಐದಕ್ಕೇ ಸೊನ್ನೆ, ಒಮ್ಮೆ ನಲವತ್ತರವರೆಗೂ ಹೋಗಿ ಆಸೆ ಹುಟ್ಟಿಸಿ ಸೊನ್ನೆ. ಮೂರು ವಾರ ತಲೆ ಕೆಡಿಸಿಕೊಂಡೆವು. ಫ್ಯಾನ್ ಹಾಕಿದ ಕ್ಷಣ ಬೀಳುತ್ತದೆ ಎಂದು ಗೆಳತಿ ಕಂಡುಹಿಡಿದಳು. ನಾವು ಫ್ಯಾನ್ ಆರಿಸಿ, ಏಪ್ರಿಲ್ಲಿನ ಸೆಕೆಯಲ್ಲಿ ಬೆವರು ಒರೆಸಿಕೊಳ್ಳುತ್ತಾ ಕೂತೆವೇ ಹೊರತು ಅದು ಏನು ಹೇಳುತ್ತಿದೆ ಎಂದು ಕೇಳಲಿಲ್ಲ. ಸರ್ ಒಂದೊಂದೇ ಭಾಗ ಪರೀಕ್ಷಿಸುತ್ತಾ ಬಂದರು. ಕಮಿಟಿ ಬರುವ ಹಿಂದಿನ ದಿನ ಮಧ್ಯಾಹ್ನ ಮೀಟರು ಕೆಳಗಿಟ್ಟು, "ಇಷ್ಟ ಓಡತೈತಿ, ಇಲ್ಲಿ ನಿಲ್ಲತೈತಿ, ಯಾಕಂತ ಹುಡಕಾಕತ್ತೇವಿ ಅಂತ ಹೇಳೂಣು. ಖರೆ ಕಲಿಯೂದ ಹಿಂಗ ಇರತೈತಿ. ಅವರೂ ಕಲಿತವರ ಅದಾರ, ತಿಳಕೋತಾರ" ಎಂದರು. ಎಂದು, ಹುಕ್ಕೇರಿಯ ತಮ್ಮ ಬಾಡಿಗೆ ಕೋಣೆಗೆ ಊಟಕ್ಕೆ ಹೋದರು. ಅವರು ಹೋದ ರೀತಿ ನೋಡಿದರೆ ಕಮಿಟಿಯವರು ತಿಳಿದುಕೊಳ್ಳುತ್ತಾರೆ ಎಂದು ಅವರೇ ನಂಬಿದ ಹಾಗಿರಲಿಲ್ಲ.

ಆ ದಿನ ಅವರು ಮತ್ತೆ ಲ್ಯಾಬಿಗೆ ಬರಲಿಲ್ಲ. ಸಂಜೆಯೊಳಗೆ ನಾನು ಒಂದು ಕೆಲಸ ಮಾಡಿ ಮುಗಿಸಿದ್ದೆ. ಗೆಳತಿಯನ್ನೂ ಮೂಡಲಗಿಯ ಹುಡುಗನನ್ನೂ ಚಾರ್ಟ್ ಬರೆಯಲು ಲೈಬ್ರರಿಗೆ ಕಳಿಸಿದ್ದೆ. ಬೇರೆಯವರ ರೋಬಾಟಿನಿಂದ ಇಪ್ಪತ್ತು ಕಾಲಿನ ಒಂದು ರೆಡಿಮೇಡ್ ಮೈಕ್ರೋಕಂಟ್ರೋಲರ್, ಅಂದರೆ ತಾನೊಂದೇ ಇಡೀ ಕಂಪ್ಯೂಟರಿನಂತೆ ಓಡುವ ಚಿಪ್ಪು, ಕೇಳಿ ತಂದು, ಹತ್ತು ಸಾಲಿನ ಪ್ರೋಗ್ರಾಂ ತುಂಬಿ, ಹಲಗೆಯ ಅಡಿಗೆ ಅಂಟಿಸಿ, ಸ್ಕ್ರೂ ತೂತುಗಳೊಳಗಿಂದ ವೈರು ಎಳೆದು ನೇರವಾಗಿ ಆ ಎಂಟು ದೀಪಗಳಿಗೆ ಜೋಡಿಸಿದೆ. ಮೇಲಿನ ಪ್ರೊಸೆಸರ್ ಎಲ್ಲಿ ಬೇಕಾದರೂ ಬಿದ್ದು ಸಾಯಲಿ, ದೀಪಗಳು ಮಾತ್ರ ಸೊನ್ನೆಯಿಂದ ಇನ್ನೂರೈವತ್ತೈದರವರೆಗೆ ಚಂದವಾಗಿ ಎಣಿಸುತ್ತವೆ. ಮೂರನೆಯ ಸೆಮಿಸ್ಟರಿನ ಅದೇ ವಿದ್ಯೆ, ಸ್ವಲ್ಪ ದೊಡ್ಡ ಪ್ರಮಾಣದಲ್ಲಿ. ಸರ್‌ಗಾಗಿ ಮಾಡಿದೆ ಎಂದು ಆಗ ಅಂದುಕೊಂಡೆ. ಈಗ ಬರೆಯುವಾಗ ಅಷ್ಟು ಖಾತ್ರಿಯಿಲ್ಲ. ಕಮಿಟಿಯ ಮುಂದೆ ನನ್ನ ಭಾಗವೇ ಬಿದ್ದರೆ ಎಂಬ ಹೆದರಿಕೆಯೂ ಇತ್ತು.

ಮರುದಿನ ಬೆಳಿಗ್ಗೆ ಸರ್ ಬಂದಾಗ ದೀಪಗಳು ಎಣಿಸುತ್ತಿದ್ದವು. ನೂರು ದಾಟಿತು. ಅವರು ನಿಂತಲ್ಲೇ ನಿಂತರು.

"ಏನ್ ಸಿಕ್ತು?"

"ಒಂದ್ ವೈರ್ ಸಡ್ಲ ಇತ್ತುರಿ ಸರ್."

"ಪುಸ್ತಕದಾಗ ಬರದಿ?"

"ಬರೀತೇನ್ರಿ."

ಅವರು ನನ್ನ ತಲೆಯ ಮೇಲೆ ಕೈಯಿಟ್ಟರು. ಅದಕ್ಕೂ ಮೊದಲು ಹಾಗೆ ಮಾಡಿದವರಲ್ಲ, ಆಮೇಲೂ ಮಾಡಲಿಲ್ಲ. "ನನಗಿಂತ ಚಲೋ ಕಣ್ಣ ಅದಾವ ತಂಗಿ ನಿನ್ನವು" ಎಂದರು. ನಂಬಿದ್ದರು. ಬೋರ್ಡಿನ ಮೇಲಿನ ಚಿಪ್ಪನ್ನು ಕಿತ್ತು ನೋಡುವ ಮನುಷ್ಯ, ಆ ದಿನ ನನ್ನ ಬಾಯಿಮಾತು ನಂಬಿದರು.

ಹನ್ನೊಂದು ಗಂಟೆಗೆ ಕಮಿಟಿಯ ಮೂವರು ಬಂದರು. ಎಚ್‌ಓಡಿ, ಪ್ರಾಂಶುಪಾಲರು, ಫೋಟೋ ತೆಗೆಯುವವನು ಎಲ್ಲರೂ ಹಿಂದೆ. ಸರ್ ವಿವರಿಸತೊಡಗಿದರು. ಅಷ್ಟು ಹುರುಪಿನಿಂದ ಅವರು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಆಜ್ಞೆ ಎಲ್ಲಿಂದ ಬರುತ್ತದೆ, ಎಲ್ಲಿ ಬಿಚ್ಚಿಕೊಳ್ಳುತ್ತದೆ, ಎಲ್ಲಿ ನಡೆಯುತ್ತದೆ ಎಂದು ಬೆರಳಿಟ್ಟು ತೋರಿಸುತ್ತಾ ಹೋದರು. ಆಮೇಲೆ, "ಈಗ ಗಡಿಯಾರ ನಿಲ್ಲಿಸಿ ಒಂದೊಂದೇ ಹೆಜ್ಜೆ ತೋರಿಸುತ್ತೇನೆ" ಎಂದು ಅಭ್ಯಾಸಬಲದಿಂದ ಮೂಲೆಯ ಸ್ವಿಚ್ಚು ಒತ್ತಿದರು.

ಆ ಸ್ವಿಚ್ಚನ್ನು ನಾನು ಮರೆತೇಬಿಟ್ಟಿದ್ದೆ.

ಗಡಿಯಾರ ನಿಂತಿತು. ಎಣಿಕೆ ನಿಲ್ಲಲಿಲ್ಲ. ಎಂಟು ದೀಪಗಳು ತಮ್ಮ ಪಾಡಿಗೆ ತಾವು ಹತ್ತುತ್ತಾ ಆರುತ್ತಾ ಇದ್ದವು. ಚಪ್ಪಾಳೆ ನಿಂತರೂ ಚೀಟಿಗಳು ಓಡಾಡುತ್ತಿದ್ದ ಹಾಗೆ. ಕಮಿಟಿಯ ಒಬ್ಬರು ಚಹಾದ ಕಪ್ಪಿಗೆ ಕೈ ಚಾಚಿದ್ದರು, ಇನ್ನೊಬ್ಬರು ಫೋಟೋಗೆ ಮುಖ ಕೊಟ್ಟಿದ್ದರು. ಕಂಡದ್ದು ಸರ್ ಒಬ್ಬರಿಗೇ. ಅವರು ಒಂದು ಕ್ಷಣ ಹಲಗೆಯನ್ನು ನೋಡಿದರು, ಆಮೇಲೆ ನನ್ನನ್ನು. ಅದು ಸಿಟ್ಟಿನ ನೋಟವಾಗಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಮನೆಯಲ್ಲಿ ಯಾರೋ ತೀರಿಕೊಂಡ ಸುದ್ದಿ ಕೇಳಿದವರ ಮುಖ ಅದು.

ಅವರು ಮೆಲ್ಲಗೆ ಸ್ವಿಚ್ಚನ್ನು ಮತ್ತೆ ಒತ್ತಿದರು. ಗಡಿಯಾರ ಶುರುವಾಯಿತು. ಸ್ವಿಚ್ಚಿನ ಮೇಲೆ ಅಂಗೈ ಮುಚ್ಚಿಟ್ಟುಕೊಂಡೇ ಉಳಿದ ವಿವರಣೆ ಮುಗಿಸಿದರು. ದನಿ ಇಳಿದುಹೋಗಿತ್ತು. ಕಮಿಟಿಯವರು ಕೈಕುಲುಕಿದರು, ವಿದ್ಯಾರ್ಥಿಗಳನ್ನು ಹೊಗಳಿದರು, ನನ್ನನ್ನು ವಿಶೇಷವಾಗಿ. ಅದೇ ಸಂಜೆ ಎಚ್‌ಓಡಿಯವರು ಹಲಗೆಯನ್ನು ವಿಭಾಗದ ಬಾಗಿಲಲ್ಲಿದ್ದ ಗಾಜಿನ ಕಪಾಟಿನಲ್ಲಿ ನಿಲ್ಲಿಸಿ ಕೀಲಿ ಹಾಕಿದರು. ಕರೆಂಟಿನ ಸ್ವಿಚ್ಚು ಮಾತ್ರ ಹೊರಗಿತ್ತು, ಉಳಿದದ್ದೆಲ್ಲ ಗಾಜಿನ ಒಳಗೆ.

ಜೂನ್‌ನಲ್ಲಿ ಖಾಯಂ ಪತ್ರ ಬಂತು. ಸರ್ ಗೋಕಾಕದಿಂದ ಕರದಂಟಿನ ಡಬ್ಬಿ ತಂದು ಇಡೀ ವಿಭಾಗಕ್ಕೆ ಹಂಚಿದರು. ನನ್ನ ಮುಂದೆಯೂ ಡಬ್ಬಿ ಹಿಡಿದರು. ಮುಖ ಕೊಟ್ಟು ನೋಡಲಿಲ್ಲ. ನಾನು ಒಂದು ತುಂಡು ತೆಗೆದುಕೊಂಡೆ. ಅದನ್ನು ತಿಂದೆ ಕೂಡ.

ಮುಂದಿನ ವಾರ ಅವರು ನನ್ನ ವೈರಿಂಗ್ ಪುಸ್ತಕ ಕೇಳಿದರು. ಮರುದಿನ ಹಿಂತಿರುಗಿಸಿದಾಗ ಒಂದು ಪುಟದಲ್ಲಿ ಕೆಂಪು ಪೆನ್ನಿನಿಂದ ಒಂದು ಸುತ್ತು ಹಾಕಿದ್ದರು. ಪ್ರೋಗ್ರಾಂ ಕೌಂಟರಿನ ಚಿಪ್ಪು, ಒಂದನೆಯ ಪಿನ್ನು. ಎಣಿಕೆಯನ್ನು ಸೊನ್ನೆ ಮಾಡುವ ಪಿನ್ನು ಅದು. ಅದರ ಎದುರಿನ ಕಾಲಂ ಖಾಲಿ.

ಲ್ಯಾಬಿನಲ್ಲಿ ನಮ್ಮದೊಂದು ರೂಢಿಯಿತ್ತು. ಬೇಡವಾದ ಪಿನ್ನನ್ನು ಎಲ್ಲಿಗೂ ಜೋಡಿಸದೆ ಬಿಟ್ಟರೆ ಅದು ತಾನೇ 'ಒಂದು', ಅಂದರೆ ಕರೆಂಟು ಇದೆ, ಎಂದು ಓದಿಕೊಳ್ಳುತ್ತದೆ, ವೈರು ಉಳಿಯುತ್ತದೆ. ಎರಡು ಚಿಪ್ಪಿನ ಸರ್ಕೀಟಿನಲ್ಲಿ ಅದು ನಡೆದುಹೋಗುತ್ತಿತ್ತು. ಅದೇ ಕೈಚಳಕವನ್ನು ನಾನು ಇಲ್ಲಿಯೂ ತೋರಿಸಿದ್ದೆ.

"ಬಿಟ್ಟ ಪಿನ್ ಯಾರ ಮಾತ ಬೇಕಾದ್ರೂ ಕೇಳತೈತಿ ತಂಗಿ" ಎಂದರು ಸರ್. "ಫ್ಯಾನ್ ಹಾಕಿದ್ರ ಫ್ಯಾನಿನ ಮಾತ ಕೇಳತೈತಿ. ಅದಕ್ಕ ಸೊನ್ನಿ ಆಗತಿತ್ತು. ಒಂದ ಇಂಚ ವೈರು. ಅಷ್ಟ."

"ಕಪಾಟ ತಗಸ್ರಿ ಸರ್, ಈಗ ಹಚ್ಚಿ ಬಿಡೂಣು. ಕೆಳಗಿನ ಚಿಪ್ ಕಿತ್ತ ಒಗೀತೇನಿ" ಎಂದೆ.

"ಕೀಲಿ ಎಚ್‌ಓಡಿ ಕಡೆ ಐತಿ."

"ಕೇಳ್ರಿ."

"ಕೇಳತೇನಿ" ಎಂದರು. ಹೋಗುವಾಗ ಬಾಗಿಲಲ್ಲಿ ನಿಂತು, "ನೀ ಮಾಡಿದ್ದು ತಪ್ಪು, ಖರೆ. ನಾ ಬಾಯಿ ಮುಚ್ಚಿಕೊಂಡ ನಿಂತ್ನೆಲ್ಲ, ಅದು ನಿಂದಲ್ಲ, ನಂದು. ಅದನ್ನ ತಲ್ಯಾಗ ಹೊತಕೊಂಡ ತಿರಗಬ್ಯಾಡ" ಎಂದರು.

ಪರೀಕ್ಷೆ ಮುಗಿಯಿತು. ಮಾರ್ಕ್ಸ್ ಕಾರ್ಡಿನಲ್ಲಿ ಪ್ರಾಜೆಕ್ಟಿಗೆ ಪೂರ್ತಿ ಅಂಕ. ನಾನು ಅಲ್ಲಿಂದ ಹೊರಟೆ. ಆಮೇಲೆ ಜೂನಿಯರ್‌ಗಳು ಹೇಳುವುದು ಕಿವಿಗೆ ಬೀಳುತ್ತಿತ್ತು. ಸರ್ ಈಗ ಬೆಂಚು ಸರಿಸುವುದಿಲ್ಲ, ನೆಲದ ಮೇಲೆ ಗೆರೆ ಎಳೆಯುವುದಿಲ್ಲ, ನೋಟ್ಸ್ ಬರೆಸುತ್ತಾರೆ. ಯಾವ ಕಮಿಟಿ ಬಂದರೂ ಎಚ್‌ಓಡಿಯವರು ಕಪಾಟಿನ ಮುಂದೆ ಅವರನ್ನೇ ನಿಲ್ಲಿಸಿ ಸ್ವಿಚ್ಚು ಹಾಕಿಸುತ್ತಾರೆ, ವಿವರಿಸಲು ಹೇಳುತ್ತಾರೆ. ಇದನ್ನು ಕೇಳಿದಾಗ ಕೆಡುಕೆನಿಸುತ್ತಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಅದರ ಅಡಿಯಲ್ಲಿ ಒಂದು ನೆಮ್ಮದಿಯೂ ಇತ್ತು. ಅವರು ಕೀಲಿ ಕೇಳಿಲ್ಲ. ನೌಕರಿ ಸಿಕ್ಕಿತು, ಸುಮ್ಮನಾದರು. ಅಂದರೆ ಅವರೂ ನನ್ನಂಥವರೇ. ಹೀಗೆ ಅಂದುಕೊಂಡು ವರ್ಷಗಟ್ಟಲೆ ನಿದ್ದೆ ಮಾಡಿದ್ದೇನೆ.

ಒಮ್ಮೆ ಹುಕ್ಕೇರಿಯ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ಲೆಕ್ಚರರ್ ಆದದ್ದು ಕೇಳಿ ಖುಷಿಪಟ್ಟರು. "ಹುಡುಗೂರ ಕಡೆ ಕೈಲೆ ಮಾಡಸ್ತೀಯೋ, ನೋಟ್ಸ್ ಕೊಡ್ತೀಯೋ?" ಎಂದರು. "ಪೋರ್ಷನ್ ಮುಗೀಬೇಕಲ್ರಿ ಸರ್..." ಎಂದೆ. "ಹೌದು, ಪೋರ್ಷನ್ ಮುಗೀಬೇಕು" ಎಂದು ನಕ್ಕರು. ಜೇಬಿನಲ್ಲಿ ವೈರಿನ ತುಣುಕುಗಳಿರಲಿಲ್ಲ. ಬರೇ ಪೆನ್ನು. ಅಷ್ಟರಲ್ಲಿ ಅವರ ಬಸ್ಸು ಬಂತು.

ಎರಡು ವರ್ಷದ ಹಿಂದೆ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಅವರ ಫೋಟೋ ಬಂತು, ಸುತ್ತ ಹೂವಿನ ಚೌಕಟ್ಟು. ಕಿಡ್ನಿಯ ತೊಂದರೆಯಂತೆ. ಎಲ್ಲರೂ ಕೈ ಮುಗಿದ ಚಿತ್ರ ಹಾಕಿದರು. ನಾನೂ ಒಂದು ಹಾಕಿದೆ. ಮಣ್ಣಿಗೆ ಹೋಗಲಿಲ್ಲ. ಅಂದು ಇಂಟರ್ನಲ್ ಪರೀಕ್ಷೆ ಇತ್ತು ಎಂಬುದು ನನ್ನ ನೆವ.

ಚಿಪ್ಪು ಸುಟ್ಟ ಆ ದಿನದ ಮರುದಿನವೇ ಹಳೆಯ ಕಾಲೇಜಿನಿಂದ ಪ್ರಾಯೋಗಿಕ ಪರೀಕ್ಷೆಗೆ ಹೊರಗಿನ ಪರೀಕ್ಷಕಳಾಗಿ ಬರಲು ಪತ್ರ ಬಂದಿತ್ತು. ಮುಂಚೆ ಎರಡು ಸಲ ಏನೋ ಕಾರಣ ಹೇಳಿ ತಪ್ಪಿಸಿಕೊಂಡಿದ್ದೆ. ಈ ಸಲ ಹೋದೆ. ಕಪಾಟು ಅಲ್ಲೇ ಇತ್ತು. ಒಳಗೆ ಕ್ರಿಕೆಟ್ಟಿನ ಕಪ್ಪುಗಳು, ನೃತ್ಯ ಸ್ಪರ್ಧೆಯ ಫಲಕಗಳು. ನಮ್ಮ ಕಾಲದ ಎಚ್‌ಓಡಿಯವರೇ ಈಗ ಪ್ರಾಂಶುಪಾಲರು. ಪರೀಕ್ಷೆ ಮುಗಿದ ಮೇಲೆ ಚಹಾಕ್ಕೆ ತಮ್ಮ ಕೋಣೆಗೆ ಕರೆದರು. ನಾನು ಹಲಗೆಯ ಬಗ್ಗೆ ಕೇಳಿದೆ.

"ಅದಾ? ಗುಜರಿಗೆ ಹಾಕಿದ್ವಿರಿ ಮೇಡಂ. ಹಾರ್ಡ್‌ವೇರ್ ಲ್ಯಾಬ ಬಂದ್ ಮಾಡೀವಲ್ಲ. ಈಗ ಯಾರ ಕೇಳ್ತಾರ ಅದನ್ನ?" ಎಂದರು. ಆಮೇಲೆ ಖುರ್ಚಿಗೆ ಒರಗಿ ನಕ್ಕರು. "ನಿಮ್ಮ ಸರ್ ಕಥಿ ಗೊತ್ತೈತಿಲ್ರಿ ನಿಮಗ? ಅದರ ಕೆಳಗ ಒಂದ ರೆಡಿಮೇಡ್ ಚಿಪ್ ಹಾಕಿ ಓಡಿಸಿದ್ರು ಆ ಮಾರಾಯ್ರು. ಖಾಯಂ ಆಗಿ ಹದಿನೈದ ದಿನ ಆಗಿರಲಿಲ್ಲ, ತಾವ ಬಂದ ನನ್ನ ಮುಂದ ಒಪ್ಪಕೊಂಡ್ರು. 'ನಾನ ಹಾಕೇನ್ರಿ, ಹುಡುಗೂರಿಗೆ ಏನೂ ಗೊತ್ತಿಲ್ಲ, ಕೀಲಿ ಕೊಡ್ರಿ, ಒಂದ ವೈರ್ ಹಚ್ಚಿ ಖರೇನ ಓಡಿಸ್ತೇನಿ' ಅಂತ."

"ಕೊಡಲಿಲ್ಲೇನ್ರಿ?" ಎಂದೆ.

"ಚಾಲೂ ಇದ್ದಿದ್ದನ್ನ ಯಾಕ ಮುಟ್ಟೂದ್ರಿ? ಕಮಿಟಿ ವರದಿ ಬರಕೊಂಡ ಹೋಗಿತ್ತು. ಸುಮ್ನ ಇರ್ರಿ ಅಂದೆ. ಪ್ರತಿ ವರ್ಷ ಬರ್ತಿದ್ರು, ಕೀಲಿ ಕೊಡ್ರಿ, ಒಂದ ವೈರು ಅಂತ. ಪ್ರಮೋಷನ್ ಕೇಳಾಕ ಬಂದಾಗ ನಾನ ಅದನ್ನ ನೆಪ್ಪ ಮಾಡಿಕೊಡತಿದ್ನಿ. ಆಮ್ಯಾಲೆ ಪ್ರಮೋಷನ್ ಕೇಳೂದ ಬಿಟ್ರು. ಕೀಲಿ ಕೇಳೂದ ಮಾತ್ರ ಬಿಡಲಿಲ್ಲ. ಆಸ್ಪತ್ರಿಗೆ ಹೋಗೂ ವರ್ಷನೂ ಬಂದಿದ್ರು ನೋಡ್ರಿ." ಅವರು ಮತ್ತೆ ನಕ್ಕರು. "ವಿಚಿತ್ರ ಮನಷ್ಯಾ. ಶಾಣ್ಯಾ ಇದ್ರು, ಆದ್ರ ಮಾಡಿದ್ದು ಮೋಸ. ಏನಂತೀರಿ?"

ನನ್ನ ಕೈಯಲ್ಲಿ ಚಹಾದ ಕಪ್ಪು ಇತ್ತು. ಕೋಣೆಯಲ್ಲಿ ಇನ್ನಿಬ್ಬರು ಲೆಕ್ಚರರ್‌ಗಳು ಕೂತಿದ್ದರು, ಇಬ್ಬರೂ ಹೊಸಬರು, ಸರ್ ಮುಖವನ್ನೇ ನೋಡದವರು. ಅವರ ಮನಸ್ಸಿನಲ್ಲಿ ನಮ್ಮ ಸರ್ ಎಂದರೆ ಇನ್ನು ಮೇಲೆ ಇಷ್ಟೇ, ಹಲಗೆಯ ಕೆಳಗೆ ಚಿಪ್ಪು ಅಡಗಿಸಿದ ಮನುಷ್ಯ. ಒಂದೇ ವಾಕ್ಯ ಸಾಕಿತ್ತು. ಹಾಕಿದ್ದು ಅವರಲ್ಲ, ನಾನು. ಬಾಯಿ ತೆರೆದೆ.

"ಸಕ್ರಿ ಕಮ್ಮಿ ಆತೇನ್ರಿ ಮೇಡಂ?" ಎಂದರು ಪ್ರಾಂಶುಪಾಲರು.

"ಇಲ್ರಿ. ಸರಿ ಐತ್ರಿ" ಎಂದೆ.

ಚಹಾ ಮುಗಿಸಿ ಅಂಕಪಟ್ಟಿಗೆ ಸಹಿ ಹಾಕಿದೆ. ಹೊರಗೆ ಬಂದು ಗೋಕಾಕದ ಬಸ್ಸಿಗೆ ನಿಂತೆ. ಹೇಳಬೇಕಾದ ಕೋಣೆಯಲ್ಲಿ ಹೇಳಲಾರದ್ದನ್ನು ಈಗ ಇಲ್ಲಿ ಬರೆಯುತ್ತಿದ್ದೇನೆ, ಇದು ಆ ಕೋಣೆಯವರೆಗೆ ಹೋಗುವುದಿಲ್ಲ ಎಂದು ಗೊತ್ತಿದ್ದೇ. ಕೇಳಬೇಕಾದ ಒಬ್ಬರು ಎರಡು ವರ್ಷದ ಹಿಂದೆಯೇ ಹೋದರು. ಅವರೂ ನನ್ನಂಥವರೇ ಎಂದು ಅಂದುಕೊಂಡಿದ್ದೆನಲ್ಲ, ಅಲ್ಲ. ಅವರು ನನ್ನಂಥವರಾಗಿರಲಿಲ್ಲ.